ಅತ್ತೆಯ ಬೆಕ್ಕಿನ ಪಥ್ಯ

ಮಾವನವರು ತೀರಿಕೊಂಡ ಮೇಲೆ ನನ್ನ ಅತ್ತೆಯ ಕೈಯಲ್ಲಿ ಬಳೆ ಇರಲಿಲ್ಲ. ಆದರೆ ಎಡಗೈ ಬರಿದಾಗಿದ್ದದ್ದೂ ನನಗೆ ನೆನಪಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಕೆಂಪು ಗೀರುಗಳು, ಹಳೆಯವು ಒಣಗುವಷ್ಟರಲ್ಲಿ ಹೊಸವು, ಅವುಗಳ ಮೇಲೆ ತೆಂಗಿನೆಣ್ಣೆಯಲ್ಲಿ ಕಲಸಿದ ಅರಿಶಿನ. ಮನೆಗೆ ಬಂದ ನೆಂಟರು "ಇದೆಂತಾ ಅವಸ್ಥೆ?" ಎಂದು ಕೇಳಿದರೆ ಅತ್ತೆ ಬೆಕ್ಕಿನ ಪರವಾಗಿ ವಕಾಲತ್ತು ವಹಿಸುತ್ತಿದ್ದರು. "ಅದ್ರದ್ದು ತಪ್ಪಿಲ್ಲ. ಮೈಯೆಲ್ಲಾ ಉರೀತದೆ, ಯಾರನ್ನಾದ್ರೂ ಪರಚೂಕೆ ಬೇಕಲ್ಲಾ!"

ನಾನು ಹಣಕೋಣದ ಹುಡುಗಿ. ಅಂಕೋಲೆಗೆ ಸೊಸೆಯಾಗಿ ಬಂದಾಗ ಊರಲ್ಲಿ ಉಪ್ಪಿನ ಸತ್ಯಾಗ್ರಹದ ಗಲಾಟೆ ಮುಗಿದು, ಜೈಲಿಗೆ ಹೋದವರು ಒಬ್ಬೊಬ್ಬರಾಗಿ ತಿರುಗಿ ಬರುತ್ತಿದ್ದ ಕಾಲ. ನಮ್ಮ ಮನೆಯ ಗಲಾಟೆ ಮಾತ್ರ ಆಗ ಶುರುವಾಗಿತ್ತು. ಮನೆಯಲ್ಲಿ ಅತ್ತೆ, ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಯಜಮಾನರು, ಶಾಲೆ ಮಾಸ್ತರನಾಗಿದ್ದ ಮೈದುನ, ನಾನು, ಮತ್ತು ಕೆಂಪ. ಕೆಂಪ ಅಂದರೆ ಬೆಕ್ಕು. ಮನೆಯ ಲೆಕ್ಕದಲ್ಲಿ ಅವನು ನನಗಿಂತ ಹಿರಿಯ.

ಅತ್ತೆ ಅವನಿಗೆ ತಿನ್ನಿಸದ ಸಿಹಿ ಇರಲಿಲ್ಲ. ಹಬ್ಬದ ಪಾಯಸದ ಮೊದಲ ಸೌಟು ದೇವರಿಗೆ, ಎರಡನೆಯದು ಕೆಂಪನಿಗೆ, ಆಮೇಲೆ ನಾವು. ಬೆಲ್ಲ ಹಾಕಿ ಕಲಸಿದ ಅನ್ನವನ್ನು ಬಾಲ ಎತ್ತಿಕೊಂಡು ತಿನ್ನುವ ಬೆಕ್ಕನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಲಸಿನ ಹಣ್ಣಿನಷ್ಟು ದುಂಡಗಿದ್ದ ಆ ಪ್ರಾಣಿ ಒಂದು ಬೇಸಿಗೆಯಲ್ಲಿ ಇಳಿದು ಎಲುಬು ಕಾಣತೊಡಗಿತು. ನೀರಿನ ಬಟ್ಟಲಿಗೆ ಬಾಯಿ ಹಾಕಿದರೆ ತೆಗೆಯುತ್ತಿರಲಿಲ್ಲ. ಬೆನ್ನ ಮೇಲೆ, ಕಿವಿಯ ಹಿಂದೆ ಕೂದಲುದುರಿ ಹುಣ್ಣಾದವು. ಕೆರೆದ ಕಡೆಯೇ ಕೆರೆದು ರಸಿಗೆ ಸುರಿಯುತ್ತಿತ್ತು.

ಯಜಮಾನರು ಮೂಗು ಮುಚ್ಚಿಕೊಂಡು ಹೇಳಿದರು: "ಆಯಿ, ಇದನ್ನ ಕೇಣಿ ಬಂದರಿಗೆ ಒಯ್ದು ಬಿಟ್ಟು ಬತ್ತೆ. ಅಲ್ಲಿ ಮೀನಿನ ರಾಶಿ ಅದೆ, ಬದುಕ್ಕೊಳ್ತದೆ." ಸುಳ್ಳೇಕೆ ಹೇಳಲಿ, ನಾನೂ ಅವರ ಪಕ್ಷವೇ. ಅನ್ನದಲ್ಲಿ ಬೆಕ್ಕಿನ ಕೂದಲು ಆರಿಸಿ ಆರಿಸಿ ನನಗೆ ಸಾಕಾಗಿತ್ತು.

ಅತ್ತೆ ಕೆಂಪನನ್ನು ಎತ್ತಿಕೊಂಡು ಒಳಗೆ ನಡೆದರು. ಮರುದಿನ ಬೆಳಿಗ್ಗೆ ಬಚ್ಚಲ ಹಿಂದಿನ ಬೂದಿರಾಶಿಯ ಹತ್ತಿರ ನಿಂತವರು ಅಲ್ಲೇ ನೆಲದಲ್ಲಿ ಕೂತುಬಿಟ್ಟರು. ಕೆಂಪ ಉಚ್ಚೆ ಹೊಯ್ಯುವ ಜಾಗ ಅದು. ಅಲ್ಲಿ ಇರುವೆಗಳು ಮುತ್ತಿದ್ದವು. ಬೆಲ್ಲದ ಅಚ್ಚು ಬಿದ್ದರೆ ಮುತ್ತುತ್ತವಲ್ಲ, ಹಾಗೆ. ನಾನು ಓಡಿ ಹೋದೆ.

"ಅವರು ಹೋಗೂ ವರ್ಷ ಬಚ್ಚಲಲ್ಲಿ ಹೀಗೇ ಇರುವೆ ಬಂದಿತ್ತು ತಂಗೀ," ಎಂದರು. "ನಾ ಬಿಸಿನೀರು ಹೊಯ್ದು ಇರುವೆ ಕೊಂದೆ. ಅವರು ಸೊರಗ್ತಾ ಹೋದ್ರು, ಕಾಲಿನ ಹುಣ್ಣು ಮಾಗ್ಲಿಲ್ಲ. ಶಕ್ತಿ ಬರ್ಲಿ ಹೇಳಿ ದಿನಾ ಪಾಯಸ ತಿನ್ನಿಸ್ದೆ. ಸಕ್ಕರೆ ರೋಗ ಹೇಳಿ ಡಾಕ್ಟರು ಹೇಳೂವಾಗ ತಡ ಆಗಿತ್ತು." ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದರು. "ಅವರದ್ದು ಗೊತ್ತಾಗ್ಲಿಲ್ಲ. ಇದ್ರದ್ದು ಗೊತ್ತಾಯ್ತು. ಗೊತ್ತಾದ್ ಮೇಲೆ ಬಿಡೂಕೆ ಬರೂದಿಲ್ಲ."

ಆದರೆ ಖಾತ್ರಿ ಆಗಬೇಕಲ್ಲ. ನನ್ನ ಸೋದರಮಾವ ಕಾರವಾರದಲ್ಲಿ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್. ಉಚ್ಚೆಯನ್ನು ನೀಲಿ ಔಷಧದಲ್ಲಿ ಕಾಯಿಸಿ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಇದೆ ಎಂದು ಹೇಳುವುದು ಅವರ ಕೆಲಸ. ಅತ್ತೆ ಎರಡು ದಿನ ತೆಂಗಿನ ಕರಟ ಹಿಡಿದು ಕೆಂಪನ ಹಿಂದೆ ತಿರುಗಿದರು. ಮೂರನೆಯ ದಿನ ಗುಲಾಬಿ ನೀರಿನ ಖಾಲಿ ಬಾಟಲಿ ತುಂಬಿತು. ಸರ್ವಿಸ್ ಮೋಟಾರಿನ ಡ್ರೈವರನ ಕೈಯಲ್ಲಿ ಕಳಿಸುವುದೆಂದಾಯಿತು. ಜೊತೆಗೆ ರೋಗಿಯ ಹೆಸರು ಬರೆದ ಚೀಟಿ ಬೇಕು. ನಮ್ಮಿಬ್ಬರಲ್ಲಿ ಬರೆಯಲು ಬರುತ್ತಿದ್ದದ್ದು ನನಗೆ.

"ಬೆಕ್ಕಿದ್ದು ಹೇಳಿ ಬರೀಬೇಡ. ಬಾಟ್ಲಿ ಹೊರಗೆ ಒಗೀತಾರೆ," ಎಂದರು ಅತ್ತೆ. ಹೆಂಗಸರ ಹೆಸರು ಹಾಕುವುದು ಬೇಡ, ಊರೂರು ಮಾತಾಗುತ್ತದೆ. ನನ್ನ ಯಜಮಾನರ ಹೆಸರನ್ನು ನಾನು ಬರೆಯುವ ಹಾಗಿಲ್ಲ. ಆ ಕಾಲದಲ್ಲಿ ಗಂಡನ ಹೆಸರನ್ನು ಬಾಯಲ್ಲಿ ಹೇಳಿದರೇ ಆಯುಷ್ಯ ಕಡಿಮೆ ಎನ್ನುತ್ತಿದ್ದರು, ರೋಗದ ಚೀಟಿಯಲ್ಲಿ ಬರೆಯುವುದೆಂದರೆ ದೇವರೇ ಗತಿ. ಅತ್ತೆಯೂ ಅದನ್ನು ಹೇಳುವ ಹಾಗಿಲ್ಲ, ಯಾಕೆಂದರೆ ಹಿರಿಮಗನಿಗೆ ಇಟ್ಟದ್ದು ಅವರ ಮಾವನ ಹೆಸರು. ನಮ್ಮಿಬ್ಬರ ಬಾಯಿಗೂ ಕೈಗೂ ಅಡ್ಡಿ ಇಲ್ಲದ ಗಂಡಸಿನ ಹೆಸರು ಮನೆಯಲ್ಲಿ ಒಂದೇ ಉಳಿದಿತ್ತು. ಮೈದುನನದು. ಅವನು ಆಗ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದ, ಪಾಪ. ಅವನ ಹೆಸರು ಬರೆದೆ.

ಎರಡು ದಿನದಲ್ಲಿ ಕಂಪೌಂಡರ್ ಮಾಮನ ಕಾಗದ ಬಂತು. "ಸಕ್ಕರೆ ಜೋರಾಗಿದೆ. ಅನ್ನ, ಬೆಲ್ಲ, ಬಟಾಟೆ, ಹಣ್ಣು ಎಲ್ಲ ಬಂದ್. ಮೀನು ತಿನ್ನಬಹುದು. ಚರ್ಮ ಚೊಕ್ಕಟ ಇಡಬೇಕು. ಕೂಡಲೇ ಹುಡುಗನನ್ನು ಕಳಿಸಿ, ಈ ರೋಗಕ್ಕೆ ಈಗ ಸೂಜಿಮದ್ದು ಬಂದಿದೆ."

ಸೂಜಿಮದ್ದು ಬಿಟ್ಟು ಉಳಿದದ್ದನ್ನೆಲ್ಲ ಅತ್ತೆ ಅಕ್ಷರಶಃ ನಡೆಸಿದರು. ಬೇವಿನೆಲೆ ಕುದಿಸಿದ ನೀರಿನಲ್ಲಿ ಕೆಂಪನ ಮೈ ತೊಳೆಯುವುದು, ಹೊಂಗೆ ಎಣ್ಣೆ ಹಚ್ಚುವುದು. ಹಚ್ಚಿದ್ದನ್ನು ಅವನು ನೆಕ್ಕುತ್ತಿದ್ದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಲೋಕವೆಲ್ಲ ಕೇಳುತ್ತದೆ, ನಮ್ಮ ಅತ್ತೆ ಅಡಿಕೆ ಹಾಳೆಯನ್ನೇ ಕಟ್ಟಿದರು. ಹಾಳೆಯನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ ಕೊರಳಿಗೆ ಹಾಕಿ ಹೊಲಿದರು. ಆ ಹಾಳೆ ಹೊತ್ತು ಕೆಂಪ ಬಾಗಿಲಿಗೆ, ಕಂಬಕ್ಕೆ, ನನ್ನ ಕಾಲಿಗೆ ಡಿಕ್ಕಿ ಹೊಡೆಯುತ್ತ ತಿರುಗುತ್ತಿದ್ದ. "ನಿಮ್ಮನೇಲಿ ಯಕ್ಷಗಾನದ ವೇಷ ಕಟ್ಟೀರಾ?" ಎಂದು ನೆರೆಮನೆಯವರು ಬೇಲಿಯಾಚೆಯಿಂದ ಕೇಳುತ್ತಿದ್ದರು.

ಶ್ರಾವಣ ಬಂತು. ನಮ್ಮ ಮನೆಯಲ್ಲಿ ಶ್ರಾವಣವಿಡೀ ಮೀನು ಒಳಗೆ ಬರುವ ಹಾಗಿಲ್ಲ. ಬೆಕ್ಕಿನ ಪಥ್ಯವೋ ಮೀನೇ. ಈ ಸಲ ಅತ್ತೆ ಸೋಲುತ್ತಾರೆ ಎಂದು ನಾವು ಕಾದೆವು. ಅವರು ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಮೇಲೆ ತೆಂಗಿನ ಗರಿ ಹೊದಿಸಿ ಕೆಂಪನಿಗೇ ಬೇರೆ ಅಡುಗೆಮನೆ ಕಟ್ಟಿದರು. ಮಳೆಗೆ ಹಸಿಮೀನು ಇಲ್ಲ. ಕೇಣಿಯ ಮೀನುಗಾರ್ತಿಯಿಂದ ಒಣ ತಾರ್ಲೆ ಮೀನು ತರಿಸಿ, ಉಪ್ಪು ಬಿಡುವವರೆಗೆ ನೆನೆಸಿ, ಬೇಯಿಸಿ, ಮುಳ್ಳು ತೆಗೆದು ಕೊಡುವುದು. ಕೊಟ್ಟ ಮೇಲೆ ಬಾವಿಕಟ್ಟೆಯಲ್ಲಿ ತಲೆಗೆ ಎರಡು ಕೊಡ ನೀರು ಹೊಯ್ದುಕೊಂಡೇ ಒಳಗೆ ಬರುವುದು. ದಿನಕ್ಕೆ ಎರಡು ಸಲ! ಬೆಕ್ಕು ಚೇತರಿಸಿಕೊಂಡಿತು, ಅತ್ತೆಗೆ ನೆಗಡಿಯಾಯಿತು.

ಇಷ್ಟರಲ್ಲಿ ಕಂಪೌಂಡರ್ ಮಾಮ ಬಿಡದೆ ಕಾಗದ ಬರೆಯುತ್ತಿದ್ದರು, ಹುಡುಗ ಹೇಗಿದ್ದಾನೆ ಎಂದು. ಅತ್ತೆ ಹೇಳುತ್ತಿದ್ದರು, ನಾನು ಸೆರಗು ಬಾಯಿಗೊತ್ತಿ ನಗು ತಡೆದುಕೊಂಡು ಬರೆಯುತ್ತಿದ್ದೆ. "ನೀರು ಕುಡಿಯುವುದು ಕಡಿಮೆಯಾಗಿದೆ. ಕಿವಿಯ ಹಿಂದೆ ಕೂದಲು ಬರುತ್ತಿದೆ. ಮೀನಿನ ತಲೆ ಹಾಕಿದರೆ ಗುರ್ ಎನ್ನುತ್ತಾನೆ. ಸ್ನಾನ ಮಾಡಿಸುವಾಗ ಇಬ್ಬರು ಹಿಡಿಯಬೇಕು. ಮೋಟಾರಿನ ಸದ್ದಿಗೆ ಅಟ್ಟ ಹತ್ತುತ್ತಾನೆ, ಆದ್ದರಿಂದ ಕಾರವಾರಕ್ಕೆ ಕಳಿಸಲು ಆಗುವುದಿಲ್ಲ." ಆಗ ನನಗೆ ಇದೆಲ್ಲ ಬರೀ ತಮಾಷೆ. ಮುಂದೆ ಏನು ಕಾದಿದೆ ಎಂದು ಯಾರಿಗೆ ಗೊತ್ತಿತ್ತು!

ಕಾರ್ತಿಕದಲ್ಲಿ ನನ್ನ ತಂಗಿಗೂ ಮೈದುನನಿಗೂ ಮಾತುಕತೆ ಶುರುವಾಯಿತು. ನನಗಂತೂ ನೆಲದ ಮೇಲೆ ಕಾಲಿಲ್ಲ. ಬೆನ್ನಿಗೆ ಬಿದ್ದ ತಂಗಿ, ಒಂದೇ ಮನೆಗೆ ಬರುತ್ತಾಳೆ, ಜೀವನವಿಡೀ ಜೊತೆಗಿರುತ್ತಾಳೆ. ಅವರಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು ಕೂಡ. ಅಷ್ಟರಲ್ಲಿ ಹಣಕೋಣದಿಂದ ಅಪ್ಪನ ಕಾಗದ ಬಂತು. ಕಂಪೌಂಡರ್ ಮಾಮ ಅಡ್ಡ ನಿಂತಿದ್ದಾರೆ, ಹುಡುಗನಿಗೆ ಸಕ್ಕರೆ ರೋಗವಿದೆಯಂತೆ, ಮೈಮೇಲೆ ಹುಣ್ಣಂತೆ, ಅದೂ ಅಲ್ಲದೆ ತಲೆ ಸರಿಯಿಲ್ಲವಂತೆ, ಅಟ್ಟ ಹತ್ತುತ್ತಾನಂತೆ.

ಮೈದುನ ಆ ಕಾಗದ ಓದಿ ನಮ್ಮಿಬ್ಬರನ್ನೂ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಅದು ಬೆಕ್ಕಿನ ಉಚ್ಚೆ ಎಂದು ಬರೆದೆವು. ಯಾರು ನಂಬುತ್ತಾರೆ? ಹುಡುಗನನ್ನು ಪರೀಕ್ಷೆ ಮಾಡಿ ಎಂದರೆ, "ಆರು ತಿಂಗಳ ಪಥ್ಯದಿಂದ ಇಳಿದಿರುತ್ತದೆ, ಅದು ಲೆಕ್ಕಕ್ಕಿಲ್ಲ. ಬೆಕ್ಕಿಗೇ ರೋಗವಿದ್ದರೆ ಅದರದ್ದನ್ನೇ ನನ್ನ ಕಣ್ಣೆದುರು ತೋರಿಸಿ," ಎಂದು ಮಾಮನ ಉತ್ತರ ಬಂತು.

ಅಲ್ಲೇ ಸಿಕ್ಕಿಬಿದ್ದೆವು. ಕೆಂಪನ ಮೈತುಂಬ ಕೂದಲು ಬಂದಿತ್ತು. ಬೂದಿರಾಶಿಯಲ್ಲಿ ಒಂದೇ ಒಂದು ಇರುವೆ ಇರಲಿಲ್ಲ. ಅತ್ತೆಯ ಪಥ್ಯ ಗೆದ್ದಿತ್ತು.

"ನಾಲ್ಕು ದಿನ ಪಾಯಸ ಹಾಕು ಆಯಿ, ತಿರುಗಿ ಬತ್ತದೆ," ಎಂದರು ಯಜಮಾನರು.

"ಬಂದದ್ದು ತಿರುಗಿ ಹೋಗೂದಿಲ್ಲಾ ಅಂದ್ರೆ?" ಎಂದರು ಅತ್ತೆ. "ಆಗೂದಿಲ್ಲ."

ಮರುದಿನ ಮಧ್ಯಾಹ್ನ, ಎಲ್ಲರೂ ಊಟ ಮಾಡಿ ಅಡ್ಡಾದ ಹೊತ್ತಿನಲ್ಲಿ ನಾನು ಬೆಲ್ಲ ಹಾಕಿದ ಪಾಯಸವನ್ನು ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿಕೊಂಡು ಹಿತ್ತಲಿಗೆ ಹೋದೆ. ಒಂದು ಬೆಕ್ಕಿಗೋಸ್ಕರ ನನ್ನ ತಂಗಿಯ ಬಾಳು ಕೆಡಬೇಕೇ ಎಂಬ ಸಿಟ್ಟು. ಕೆಂಪ ವಾಸನೆಗೇ ಓಡಿ ಬಂದ, ಆರು ತಿಂಗಳ ಉಪವಾಸವಲ್ಲವೇ. ಬಟ್ಟಲು ಕೆಳಗಿಡಬೇಕು, ಅಷ್ಟರಲ್ಲಿ ಗೀರು ತುಂಬಿದ ಕೈಯೊಂದು ಬಂದು ಅದನ್ನು ಹಿಡಿಯಿತು.

ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅತ್ತೆ ಬೈಯಲಿಲ್ಲ. ಬಟ್ಟಲು ಹಿಡಿದುಕೊಂಡು ನನ್ನ ಪಕ್ಕದಲ್ಲೇ ಕೂತರು. "ನಾನೂ ಹೀಗೇ ಅವರಿಗೆ ಕೊಡ್ತಿದ್ದೆ ಮಗಾ. ಇದೇ ಬಟ್ಲಲ್ಲಿ," ಎಂದರು. ನನಗೆ ಅಳು ತಡೆಯಲಾಗಲಿಲ್ಲ. ತಂಗಿಯ ಹೆಸರು ಹೇಳಿ ಅತ್ತುಬಿಟ್ಟೆ. ಅವರು ಬಟ್ಟಲನ್ನು ಕೆಂಪನಿಗೆ ಎಟುಕದ ಹಾಗೆ ಎತ್ತಿ ಹಿಡಿದರು. ಆಮೇಲೆ ತಟ್ಟನೆ ಎದ್ದು ನಿಂತರು.

"ಅಲ್ಲಾ, ನಮಗೆಂತಾ ಮರುಳು! ಸಿಹಿ ತಿನ್ನಿಸೂದೇ ಆದ್ರೆ ಬೆಕ್ಕಿಗೆ ಎಂತಕೆ? ಮಗನಿಗೇ ತಿನ್ನಿಸಿದ್ರೆ ಆಯ್ತಲ್ಲಾ! ರೋಗ ಇದ್ರೆ ಕಾಣ್ತದೆ, ಇಲ್ದಿದ್ರೆ ಇಲ್ಲ."

ಆ ವಾರವೇ ಕಾರವಾರಕ್ಕೆ ಹೊರಟೆವು. ಅತ್ತೆಯ ತೊಡೆಯ ಮೇಲೆ ಮುಚ್ಚಳ ಬಿಗಿದ ಬುಟ್ಟಿ, ಅದರೊಳಗೆ ಕೆಂಪ. ಮೋಟಾರು ಹೊರಟದ್ದೇ ತಡ, ಅವನು ಶುರುಮಾಡಿದ ಕೂಗು ಕಾರವಾರದ ಕಡಲು ಕಾಣುವವರೆಗೆ ನಿಲ್ಲಲಿಲ್ಲ. ಮಾಮನ ಮನೆಯ ಜಗಲಿಯಲ್ಲಿ ನನ್ನ ಅಪ್ಪ ಕೂತಿದ್ದರು. ಮಾಮ ಸ್ಪಿರಿಟ್ ದೀಪ, ಗಾಜಿನ ನಳಿಕೆ, ನೀಲಿ ಔಷಧ ಎಲ್ಲ ಸಾಲಾಗಿ ಇಟ್ಟುಕೊಂಡು ನ್ಯಾಯಾಧೀಶರಂತೆ ಕಾದಿದ್ದರು.

ಅತ್ತೆ ಮಗನ ಎದುರು ಎಲೆ ಹಾಕಿ ಹೋಳಿಗೆ ಬಡಿಸಿದರು. ಮೇಲೆ ಬೆಲ್ಲದ ಪಾಕ, ಕಾಯಿಹಾಲು. "ತಿನ್ನು." ಆರನೆಯದಕ್ಕೆ ಮೈದುನ ಸಾಕೆಂದ. "ಹೆಣ್ಣು ಬೇಕಾ ಬ್ಯಾಡ್ವಾ?" ಎಂದರು. ಒಂಬತ್ತು ತಿಂದ. ಹತ್ತನೆಯದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ತಿಂದ. ಆಮೇಲೆ ಎರಡು ತಂಬಿಗೆ ನೀರು ಕುಡಿಸಿ ಎಲ್ಲರೂ ಸುಮ್ಮನೆ ಕಾದೆವು. ಅಪ್ಪ ಎಲೆ ಅಡಿಕೆ ಹಾಕಿಕೊಂಡು ಮೋಡ ನೋಡುತ್ತಿದ್ದರು. ಮದುವೆ ಮಾತುಕತೆಗೆ ಹೀಗೆ ಕಾದವರು ಆ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಕೊನೆಗೂ ಮೈದುನ ಹಿತ್ತಲಿಗೆ ಹೋಗಿ ಬಂದ. ಮಾಮ ನಳಿಕೆಗೆ ಹನಿ ಹಾಕಿ ದೀಪದ ಮೇಲೆ ಹಿಡಿದರು. ಕುದಿಯಿತು. ನೀಲಿ ಇದ್ದದ್ದು ನೀಲಿಯೇ ಉಳಿಯಿತು.

"ಅರೇ ದೇವಾ," ಎಂದರು ಮಾಮ, ಅತ್ತೆಯ ಕಡೆ ತಿರುಗಿ. "ಹತ್ತು ಹೋಳಿಗೆ ತಿಂದ್ರೂ! ಮತ್ತೆ ಆ ಕಾಗದದಲ್ಲಿ ಬರೆದದ್ದೆಲ್ಲಾ ಯಾರದ್ದು ವೈನಿ?"

ಅತ್ತೆ ಬುಟ್ಟಿಯ ಮುಚ್ಚಳ ತೆಗೆದರು. ಕೆಂಪ ಹಾರಿ, ಮಾಮನ ಹೆಗಲ ಮೇಲೆ ಕಾಲಿಟ್ಟು ಸೀದಾ ಅಟ್ಟ ಹತ್ತಿದ.

ಅಪ್ಪ ನಕ್ಕದ್ದಕ್ಕೆ ಬಾಯಿಯ ಎಲೆ ಅಡಿಕೆ ಗಂಟಲಿಗೆ ಹೋಗಿ ಕೆಮ್ಮಿ ಕೆಮ್ಮಿ ಸುಸ್ತಾದರು. ಮಾಮ ಹೆಗಲ ಗೀರು ಒರೆಸಿಕೊಳ್ಳುತ್ತ, "ಮುಹೂರ್ತ ನೋಡಿ," ಎಂದರು. ಅತ್ತೆ ಮಾತ್ರ ಅಟ್ಟದ ಕೆಳಗೆ ನಿಂತು, "ಬಾ ಮಗಾ, ಬಾ, ಯಾರೂ ಎಂತಾ ಮಾಡೂದಿಲ್ಲ," ಎಂದು ಕರೆಯುತ್ತಿದ್ದರು.

ಮದುವೆಯಾಯಿತು. ಮದುವೆಯ ಊಟದಲ್ಲಿ ಮೈದುನ ಹೋಳಿಗೆ ಮುಟ್ಟಲಿಲ್ಲ, ಆಮೇಲೂ ಜನ್ಮದಲ್ಲಿ ಮುಟ್ಟಲಿಲ್ಲ. ಕೆಂಪ ಇನ್ನೂ ನಾಲ್ಕು ವರ್ಷ ಮುಳ್ಳು ತೆಗೆದ ಮೀನು ತಿಂದು, ಒಂದು ಮಳೆಗಾಲ ಒಲೆಯ ಪಕ್ಕ ಮಲಗಿದಲ್ಲೇ ಹೋದ. ಅತ್ತೆ ಹೋದದ್ದು ಅವನ ನಂತರ ಬಹಳ ವರ್ಷಕ್ಕೆ. ಅವರಿಗೆ ಕೊನೆಯ ಸ್ನಾನ ಮಾಡಿಸುವಾಗ ನೋಡಿದೆ. ಎಡಗೈಯ ಗೀರುಗಳು ಮಾಸಿ ಬಿಳಿಗೆರೆಗಳಾಗಿದ್ದವು. ಅರಿಶಿನ ಹಚ್ಚಲು ಏನೂ ಉಳಿದಿರಲಿಲ್ಲ, ಆದರೂ ಹಚ್ಚಿದೆ.

ಈಗ ನನಗೂ ಅದೇ ರೋಗ. ಹೊಸದಾಗಿ ಬಂದ ಡಾಕ್ಟರ್ ಹುಡುಗ ಏನು ತಿನ್ನಬೇಕು, ಏನು ಬಿಡಬೇಕು, ಚರ್ಮ ಹೇಗೆ ನೋಡಿಕೊಳ್ಳಬೇಕು ಎಂದು ಬಿಡಿಸಿ ಹೇಳತೊಡಗಿದ. "ಗೊತ್ತಪ್ಪಾ," ಎಂದೆ, "ನಮ್ಮನೆ ಬೆಕ್ಕಿಗಿತ್ತು." ನನ್ನ ಎಲೆಯನ್ನು ಕಾಯುವುದು ನನ್ನ ತಂಗಿ. ಒಂದು ಚಮಚ ಪಾಯಸಕ್ಕೆ ಕೈ ಚಾಚಿದರೂ ಬಟ್ಟಲು ಎಳೆದುಕೊಳ್ಳುತ್ತಾಳೆ. "ಸುಮ್ನೇ ಅತ್ತೆ ಹಾಂಗೆ ಮಾಡ್ಬೇಡ," ಎಂದು ನಾನು ರೇಗುತ್ತೇನೆ.

ಅವಳಿಗೋಸ್ಕರ ನಾನೊಂದು ದಿನ ಅದೇ ಬಟ್ಟಲು ಹಿಡಿದು ಹಿತ್ತಲಿಗೆ ಹೋಗಿದ್ದೆ ಎಂಬುದು ಅವಳಿಗೆ ಗೊತ್ತಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಷ್ಟು ವರ್ಷ ಒಂದೇ ಒಲೆಯ ಮುಂದೆ ನನ್ನೊಡನೆ ಕೂತ ಅತ್ತೆ, ಸಿಟ್ಟು ಬಂದ ದಿನವೂ ಆ ಮಾತನ್ನು ಎತ್ತಲಿಲ್ಲ. ಈಗ ನಾನೇ ಎತ್ತಿದ್ದೇನೆ.