ತೊಟ್ಟು ತೆಗೆದ ಬದನೆಕಾಯಿ

ನಮ್ಮ ಮನೆಯಲ್ಲಿ ಈಗ ಎಣ್ಣೆಗಾಯಿ ಮಾಡುವಾಗ ಬದನೆಕಾಯಿಯ ತೊಟ್ಟು ತೆಗೆಯುತ್ತಾರೆ. ತೊಟ್ಟಿದ್ದರೆ ಸೀಳಿದ ಹೋಳುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ತುಂಬಿದ ಶೇಂಗಾ ಪುಡಿ, ಗುರೆಳ್ಳು, ಹುಣಸೆಹುಳಿ ಎಲ್ಲ ಒಳಗೇ ಉಳಿಯುತ್ತದೆ. ತೆಗೆದರೆ ಕಾಯಿ ಬಾಣಲೆಯಲ್ಲೇ ಬಿಚ್ಚಿಕೊಂಡು ಮಸಾಲೆಯೆಲ್ಲ ಎಣ್ಣೆಗೆ ಬೀಳುತ್ತದೆ. ಸಾಮಾನು ಅದೇ, ಮಾಡುವ ಕೈಯೂ ಅದೇ. ಆದರೂ ಅದನ್ನು ಎಣ್ಣೆಗಾಯಿ ಎನ್ನಲು ನಾಲಿಗೆ ಏಳುವುದಿಲ್ಲ. ತಟ್ಟೆಯಲ್ಲಿ ಬಿದ್ದ ಆ ಮುದ್ದೆಯನ್ನು ಕಂಡಾಗಲೆಲ್ಲ ನನಗೆ ಅಪ್ಪನ ಕೈ ನೆನಪಾಗುತ್ತದೆ. ಮೇಲೆತ್ತಿದ ಅಂಗೈ.

ಅಪ್ಪ ಹುನಗುಂದದಲ್ಲಿ ಸಾಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಊಟಕ್ಕೆ ಕುಳಿತರೆ ಅವರು ಮಾತಾಡುವುದಿಲ್ಲ. ಮುಂಜಿಯಾದ ವರ್ಷ ಅವರ ಅಜ್ಜ ಹಾಕಿಕೊಟ್ಟ ನೇಮ ಅದು. ಅಂಗೈಯಲ್ಲಿ ನೀರು ಹಿಡಿದು ತಟ್ಟೆಯ ಸುತ್ತ ಬಿಟ್ಟ ಮೇಲೆ ಬಾಯಿ ಇರುವುದು ಊಟಕ್ಕೆ ಮಾತ್ರ. ನಡುವೆ ಒಂದು ಮಾತು ಜಾರಿದರೂ ಆ ಊಟ ಅಲ್ಲಿಗೆ ಮುಗಿಯಿತು, ತಟ್ಟೆಯಲ್ಲಿ ಏನೇ ಉಳಿದಿರಲಿ. ನಾನು ಚಿಕ್ಕವನಿದ್ದಾಗ ಒಂದು ಹಬ್ಬದ ದಿನ, ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕುವುದನ್ನು ಕಂಡು "ಬೆಕ್ಕು" ಎಂದುಬಿಟ್ಟರು. ಆಗಷ್ಟೇ ತುಪ್ಪ ಹಾಕಿದ್ದ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದರು. ಅವ್ವ ಆಮೇಲೆ ಎಷ್ಟೋ ದಿನ ಆ ಬೆಕ್ಕಿಗೆ, "ಹೋಳಿಗಿ ನುಂಗಿದ ಭಾಡ್ಯಾ" ಎಂದೇ ಬೈಯುತ್ತಿದ್ದಳು.

ಬಾಯಿಯ ಬದಲು ಅಪ್ಪನ ಕೈ ಮಾತಾಡುತ್ತಿತ್ತು. ಬೆರಳ ತುದಿಗಳನ್ನು ಕೂಡಿಸಿ ಉಜ್ಜಿದರೆ ಉಪ್ಪು. ತಟ್ಟೆಯ ಅಂಚನ್ನು ತಟ್ಟಿದರೆ ಮಜ್ಜಿಗೆ. ಅಂಗೈ ಎತ್ತಿ ಅಲ್ಲಾಡಿಸಿದರೆ ಸಾಕು. ಅವ್ವ ಅವರ ಮುಖ ನೋಡದೆಯೇ ಬಡಿಸುತ್ತಿದ್ದಳು. ನಾನೂ ಆ ಭಾಷೆಯಲ್ಲೇ ಬೆಳೆದವನು.

ನನ್ನ ಹೆಂಡತಿ ಇಳಕಲ್ಲಿನವಳು. ಅವರ ಮನೆಯಲ್ಲಿ ಊಟಕ್ಕೆ ಕುಳಿತರೆ ಎಲ್ಲರೂ ಒಮ್ಮೆಲೇ ಮಾತಾಡುತ್ತಾರೆ, ಯಾರು ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯುವುದಿಲ್ಲ. ನಮ್ಮಲ್ಲಿಗೆ ಬಂದ ಹೊಸದರಲ್ಲಿ ಅವಳು ನನ್ನ ಕಿವಿಯಲ್ಲಿ, "ನಿಮ್ಮ ಮನ್ಯಾಗ ಊಟಕ್ಕ ಕೂತ್ರ ಪರೀಕ್ಷಾ ಬರ್ಯಾಕ ಕೂತಂಗ ಆಗ್ತದ. ಮಾವಾರು ಸೂಪರ್ವಾಯಜರ್," ಎಂದಿದ್ದಳು.

ಅವಳು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ರವಿವಾರ ಮಧ್ಯಾಹ್ನ ಗರಿಗರಿ ಕಟಕ ರೊಟ್ಟಿ, ಎಣ್ಣೆಗಾಯಿ, ಮೊಸರು, ಆಮೇಲೆ ಅನ್ನ ಸಾರು. ಪಟ್ಟದಕಲ್ಲಿನ ಕಡೆಯಿಂದ ಬಂದ ಎಳೆ ಬದನೆಕಾಯಿ ಎಂದು ಅವ್ವ ಸಂಭ್ರಮದಿಂದ ಮಾಡಿದ್ದಳು. ಅಪ್ಪ ಕಾಯಿಯನ್ನೆಲ್ಲ ತಿಂದು ತೊಟ್ಟನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಅದಕ್ಕೆ ಅಂಟಿದ ತಿರುಳನ್ನು ಚೀಪುವುದು ಅವರಿಗೆ ಬಲು ಇಷ್ಟ.

ಅಪ್ಪನ ಅಂಗೈ ಮೇಲೆದ್ದಿತು.

ಅವ್ವ ಕೈಯಲ್ಲಿದ್ದ ಸೌಟನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಕಡೆ ತಿರುಗಿದಳು. "ಅವರಿಗೆ ಸಾಕಂತ. ನಿನಗ ಹಾಕ್ಲೇನು?"

ಅಂಗೈ ಮತ್ತೆ ಅಲ್ಲಾಡಿತು, ಈ ಸಲ ಜೋರಾಗಿ.

"ಹಾಕೂದಿಲ್ರೀ. ಸಾಕಂದ್ರ ಸಾಕು, ಅದಕ್ಯಾಕ ಇಷ್ಟು ಸಿಟ್ಟು?" ಎಂದಳು ಅವ್ವ. ನಾನು ನಕ್ಕೆ.

ಆಮೇಲೆ ಅವರ ಕೈ ತಟ್ಟೆಯ ಅಂಚಿಗೆ ಬಡಿಯಿತು. ಅವ್ವ ಅಡುಗೆಮನೆಯತ್ತ ಕೂಗಿದಳು. "ಮಜ್ಜಿಗಿ ತಗೊಂಡ ಬಾರವಾ, ನಿಮ್ಮ ಮಾವಾರಿಗೆ ಅವಸರ ಆಗೇದ."

ಹೆಂಡತಿ ಮಜ್ಜಿಗೆಯ ಪಾತ್ರೆ ಹಿಡಿದು ಹೊರಗೆ ಬಂದಳು. ಅವಳಿಗೆ ಕೈಯ ಆ ಭಾಷೆ ಪೂರ್ತಿ ಬರುತ್ತಿರಲಿಲ್ಲ. ಏನು ಬೇಕೋ ತಿಳಿಯದಾಗ ಅಪ್ಪನ ಮುಖ ನೋಡುವುದು ಅವಳ ರೂಢಿ. ನೋಡಿದಳು. ಪಾತ್ರೆ ಅವಳ ಕೈಯಿಂದ ಬಿತ್ತು. "ಮಾವಾರ" ಎನ್ನುತ್ತ ಅವರ ಹಿಂದೆ ಮೊಣಕಾಲೂರಿ, ಎದೆಗೆ ಒಂದು ಕೈ ಕೊಟ್ಟು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದತೊಡಗಿದಳು. ಆಗ ನಾನು ಅಪ್ಪನ ತುಟಿ ನೋಡಿದೆ. ಅದರ ಬಣ್ಣವನ್ನು ಇಲ್ಲಿ ಬರೆಯಲಾರೆ. ನಾನು ಕೂತೇ ಇದ್ದೆ. ಕೈಯಲ್ಲಿ ರೊಟ್ಟಿಯ ಚೂರು ಹಾಗೇ ಇತ್ತು. ಎಷ್ಟನೆಯದೋ ಗುದ್ದಿಗೆ ತೊಟ್ಟು ಹೊರಬಂದು ಸಾರಿನ ಬಟ್ಟಲಿಗೆ ಬಿತ್ತು. ಅಪ್ಪ ಉಸಿರೆಳೆದ ಸದ್ದು ಒಣಬಾವಿಯಲ್ಲಿ ಕೊಡ ಎಳೆದ ಹಾಗಿತ್ತು.

ಮಾರನೆಯ ದಿನ ನಾಲ್ವರೂ ಬಾಗಲಕೋಟೆಯ ದವಾಖಾನೆಗೆ ಹೋದೆವು. ಗಂಟಲಿಗೇನೂ ಆಗಿಲ್ಲ, ಆದರೆ ವಯಸ್ಸಾದಂತೆ ನುಂಗುವ ಶಕ್ತಿ ಕುಂದುತ್ತದೆ, ಇನ್ನು ಮುಂದೆ ಜೋಪಾನ ಎಂದರು ವೈದ್ಯರು. ನೆಟ್ಟಗೆ ಕೂತು ಸಣ್ಣ ತುತ್ತು ಅಗಿದು ತಿನ್ನಬೇಕು, ಬಾಯಲ್ಲಿ ತುತ್ತಿರುವಾಗ ಮಾತಾಡಬಾರದು. ಅಪ್ಪ ಅವ್ವನ ಕಡೆ ತಿರುಗಿದರು. "ಕೇಳಿದೇನು? ನಾ ಹುಟ್ಟಿದಾಗಿಂದ ಮಾಡಿದ್ದನ್ನ ಇವರು ಈಗ ಹೇಳ್ಯಾರ."

ಹೊರಗೆ ಬಂದ ಮೇಲೆ ಅವ್ವ ಹೇಳಿದಳು. "ತುತ್ತು ನುಂಗಿದ ಮ್ಯಾಲೆ ಒಂದ್ಸಲ ಹೂಂ ಅನ್ರಿ. ಅಷ್ಟ ಸಾಕು ನನಗ."

"ಹೂಂ ಅಂದ್ರೂ ಮಾತಾಡಿದಂಗ. ಏಳಬೇಕಾಗ್ತದ. ಮತ್ತ ಗಂಟಲು ಕಟ್ಟಿದಾಗ ಮಾತಾಡ್ತೇನಿ ಅಂದ್ರೂ ದನಿ ಬರೂದಿಲ್ಲಲ್ಲ?"

"ಮಾತಾಡೋ ಮನಶ್ಯಾ ಸುಮ್ಮನಾದ್ರ ತಿಳೀತದ. ಸುಮ್ಮನ ಕೂತಾವ ಸುಮ್ಮನಾದ್ರ ನಾ ಹ್ಯಾಂಗ ತಿಳ್ಕೋಬೇಕ್ರೀ?"

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪ ಗಿರಮಿಟ್ ತಿನ್ನೋಣ ಎಂದರು. ಮಂಡಕ್ಕಿಗೆ ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಹುಳಿ ಕಲಸಿ ಪಕ್ಕದಲ್ಲಿ ಮಿರ್ಚಿ ಭಜಿ ಇಟ್ಟು ಕೊಡುವ ಅಂಗಡಿಗಳೆಂದರೆ ಅವರಿಗೆ ಮೊದಲಿನಿಂದಲೂ ಪ್ರಾಣ. ಅಲ್ಲಿ ಮೌನದ ನೇಮವಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಊಟವಲ್ಲ, ಫಳಾರ. ಬಾದಾಮಿಗೆ ಹೋಗಲಿ, ಮಹಾಕೂಟಕ್ಕೆ ಹೋಗಲಿ, ಬಸ್ಸಿಳಿದು ಗಿರಮಿಟ್ ತಿನ್ನುತ್ತ ಅಪ್ಪ ಆಡಿದಷ್ಟು ಮಾತು ಮನೆಯಲ್ಲಿ ಎಂದೂ ಆಡಿದವರಲ್ಲ. ಅಂದೂ ಸ್ವಲ್ಪ ಸ್ವಲ್ಪವೇ ತಿನ್ನುತ್ತ, ಪ್ರತಿ ತುತ್ತು ನುಂಗಿದ ಮೇಲೆ ಭಜಿಗೆ ಖಾರ ಸಾಲದೆಂದೋ ಬಸ್ಸು ತಡವೆಂದೋ ಏನಾದರೊಂದು ಹೇಳಿದರು. ಮೆಣಸಿನಕಾಯಿಯ ತೊಟ್ಟನ್ನು ಕಾಗದದ ಅಂಚಿಗಿಟ್ಟರು. ಅವ್ವ ಅವರ ಮಾತು ಕೇಳುತ್ತ ಆ ತೊಟ್ಟನ್ನೇ ನೋಡುತ್ತಿದ್ದಳು. ತನ್ನ ಪಾಲಿನದನ್ನು ಮುಟ್ಟಲಿಲ್ಲ.

ಮರುದಿನದಿಂದ ನಮ್ಮ ಮನೆಯಲ್ಲಿ ಅಪ್ಪನಿಗೆ ಊಟ ನಿಂತಿತು. ಹೊತ್ತುಹೊತ್ತಿಗೂ ಅವಲಕ್ಕಿ, ಮಂಡಕ್ಕಿ ಸುಸಲಾ, ಉಪ್ಪಿಟ್ಟು. ತಟ್ಟೆ ಮುಂದಿಟ್ಟು ಅವ್ವ, "ಫಳಾರ ಮಾಡ್ರಿ," ಎನ್ನುವಳು.

ಅಪ್ಪನಿಗೆ ಅವಳ ಉಪಾಯ ಗೊತ್ತಾಗದೇ ಇರಲಿಲ್ಲ. "ಇದೇನು, ನಮ್ಮ ಮನ್ಯಾಗ ದಿನಾ ಏಕಾದಶಿ ಬರ್ತದಲ್ಲ?"

"ಪುಣ್ಯ ಬರ್ತದ, ತಿನ್ರಿ."

ತಿಂದರು. ತಿನ್ನುತ್ತ ಮಾತಾಡಿದರು, ಅವಳಿಗೋಸ್ಕರ. ಸಾಲಿಯ ಹಳೆಯ ಸಂಗತಿಗಳು, ಗುಡೂರಿಗೆ ವರ್ಗವಾದಾಗ ಸೈಕಲ್ ಮೇಲೆ ಹೋಗಿದ್ದು, ಹೀಗೆ. ನನ್ನ ಹೆಂಡತಿ ನಗುತ್ತ ಕೇಳುತ್ತಿದ್ದಳು. ಆದರೆ ಅಗಿಯಲು ಮಾತು ನಿಲ್ಲಿಸಿದರೆ ಸಾಕು, ಮೂವರ ಕತ್ತೂ ಅವರ ಕಡೆ ತಿರುಗುತ್ತಿತ್ತು. ಅವರು ಅಗಿಯುವುದನ್ನು ಬೇಗ ಮುಗಿಸಿ ಮತ್ತೆ ಏನಾದರೂ ಹೇಳುವರು. ನಾಲ್ಕಾರು ದಿನದಲ್ಲಿ ಸಂಗತಿಗಳೆಲ್ಲ ತೀರಿದವು. ಹೇಳಿದ್ದನ್ನೇ ಹೇಳತೊಡಗಿದರು. ಅಂಗಿಯ ಕೊರಳು ಸಡಿಲಾಯಿತು.

ಇಳಕಲ್ಲಿನ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಯಾರಾದರೂ ಪ್ರಶ್ನೆ ಕೇಳಲು ಕೈ ಎತ್ತಿದರೆ ಮೊದಲು ಅವರ ತುಟಿ ನೋಡುತ್ತೇನೆ, ಆಮೇಲೆ ಏನು ಎಂದು ಕೇಳುತ್ತೇನೆ. ಹುಡುಗರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಬಸ್ಸಿನಲ್ಲಿ ಬರುತ್ತ ಕಣ್ಣ ಮುಂದೆ ಮತ್ತೆ ಅದೇ ನಡೆಯುತ್ತದೆ. ಅಂಗೈ ಏಳುತ್ತದೆ, ಅವ್ವ ಸೌಟು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ, ನಾನು ನಗುತ್ತೇನೆ. ಹೆಂಡತಿ ಅಡುಗೆಮನೆಯಿಂದ ಬರುವುದು ಒಮ್ಮೊಮ್ಮೆ ತಡವಾಗುತ್ತದೆ.

ಒಂದು ಮುಂಜಾನೆ ಅಪ್ಪ ಅವಲಕ್ಕಿಯ ತಟ್ಟೆಯನ್ನು ಮೆಲ್ಲಗೆ ಸರಿಸಿದರು. "ಇವತ್ತ ಊಟಕ್ಕ ಹಾಕು. ನನಗ ಊಟ ಮಾಡಬೇಕಾಗೇದ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವ್ವ ಇಲ್ಲವೆನ್ನಲಾಗಲಿಲ್ಲ.

ಮಧ್ಯಾಹ್ನ ಮೆತ್ತನೆಯ ರೊಟ್ಟಿ ಬಡಿದಳು. ತೊಟ್ಟು ತೆಗೆದು ಎಣ್ಣೆಗಾಯಿ ಮಾಡಿದಳು. ಅಪ್ಪ ಮಣೆಯ ಮೇಲೆ ನೆಟ್ಟಗೆ ಕೂತು ತಟ್ಟೆಯ ಸುತ್ತ ನೀರು ಬಿಟ್ಟರು. ಮನೆ ಮೊದಲಿನಂತೆ ಸುಮ್ಮನಾಯಿತು. ರೊಟ್ಟಿಯನ್ನು ಸಣ್ಣಗೆ ಮುರಿದು ನಿಧಾನವಾಗಿ ತಿಂದರು. ಪಲ್ಲೆಯ ಮುದ್ದೆಯಲ್ಲಿ ಅವರ ಬೆರಳುಗಳು ತೊಟ್ಟನ್ನು ಹುಡುಕಿದವು. ಇಲ್ಲವೆಂದು ತಿಳಿದ ಮೇಲೂ ಮುಖ ಬಾಡಲಿಲ್ಲ. ಬಹಳ ದಿನಗಳ ನಂತರ ಅವರು ರುಚಿ ನೋಡಿ ತಿನ್ನುತ್ತಿದ್ದರು. ನಾನು ಎದುರಿಗೆ ಕೂತಿದ್ದೆ. ನನ್ನ ತಟ್ಟೆಯಲ್ಲಿ ಏನಿತ್ತೋ ನೆನಪಿಲ್ಲ. ಅವರ ಗಂಟಲಿನ ಗಂಟು ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಿದ್ದೆ.

ಅನ್ನ ಸಾರು ಕಲಸಿ ಒಂದೆರಡು ತುತ್ತು ತಿಂದಿದ್ದರು. ಅವ್ವ ಇನ್ನಷ್ಟು ಪಲ್ಲೆ ತಂದು ಬಗ್ಗಿದಳು. ಅಪ್ಪನ ಅಂಗೈ ಮೇಲೆದ್ದಿತು.

ಅವ್ವನ ಕೈಯಿಂದ ಸೌಟು ಜಾರಿತು. ಹೆಂಡತಿ ಆಗಲೇ ಅವರ ಹಿಂದೆ ಬಂದು ಬೆನ್ನ ಮೇಲೆ ಕೈ ಇಟ್ಟಿದ್ದಳು. ನಾನು ಎದ್ದ ಭರಕ್ಕೆ ತಂಬಿಗೆ ಉರುಳಿ ನೀರು ಹರಿಯಿತು.

ಅಪ್ಪ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಅವರಿಗೇನೂ ಆಗಿರಲಿಲ್ಲ. ಅಂಗೈಯನ್ನು ಮತ್ತೊಮ್ಮೆ ಅಲ್ಲಾಡಿಸಿದರು, ಈ ಸಲ ಮೆಲ್ಲಗೆ, ಮಕ್ಕಳಿಗೆ ತಿಳಿಸಿ ಹೇಳುವಂತೆ. ಯಾರೂ ಕುಳಿತುಕೊಳ್ಳಲಿಲ್ಲ. ಅಪ್ಪ ಬಾಯಲ್ಲಿದ್ದುದನ್ನು ಅಗಿದು ನುಂಗಿದರು.

"ಸಾಕು ಅಂದೆ," ಎಂದರು.

ಆಮೇಲೆ ಅಂಗೈಗೆ ನೀರು ಹಾಕಿಕೊಂಡು ಕುಡಿದು, ಮಣೆಯಿಂದ ಎದ್ದರು. ತಟ್ಟೆಯಲ್ಲಿ ಸಾರನ್ನ ಇನ್ನೂ ಹಾಗೇ ಇತ್ತು.

"ಪಲ್ಲೆ ಅಷ್ಟ ಸಾಕಂದದ್ದಲ್ರೀ? ಮಜ್ಜಿಗಿ ಅನ್ನ ಉಣಬೇಕಿತ್ತಲ್ರೀ," ಎಂದಳು ಅವ್ವ.

ಬಚ್ಚಲಿನಲ್ಲಿ ಕೈತೊಳೆಯುವ ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಹೆಂಡತಿ ಬಟ್ಟೆ ತಂದು ನೆಲ ಒರೆಸಿದಳು. ಸಂಜೆ ಅವ್ವ ಯಾರನ್ನೂ ಕೇಳದೆ ಅವಲಕ್ಕಿ ತೋಯಿಸಿದಳು.