ಕಾಮಿಗೆ ಬೇಕಾದ ಐಸು

ಬೊಬ್ರುವಾಡದ ಸೋಮು ಗಾರೆ ಕೆಲಸದವನು. ಇಪ್ಪತ್ತೆಂಟು ವರ್ಷ ಅಂಕೋಲೆಯ ಸುತ್ತಮುತ್ತ ಗೋಡೆ ಎಬ್ಬಿಸಿದ ಕೈ. ಆ ಮಂಗಳವಾರ ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಒಂದು ಸಣ್ಣ ಐಸ್ ಮಶೀನಿನ ಮುಂದೆ ಕೂತಾಗ ಅದೇ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ಹೆಂಡತಿ ಕಾಮಿಗೆ ಕ್ಯಾನ್ಸರಿನ ಮೂರನೆಯ ಇಂಜೆಕ್ಷನ್ ಆಗಿ ಎಂಟು ದಿನವಾಗಿತ್ತು. ಬಾಯಿ ತುಂಬ ಹುಣ್ಣು. ಗಂಜಿಯ ತಿಳಿಯೂ ಸುಡುತ್ತಿತ್ತು. ನಾಲಿಗೆಯ ಮೇಲೆ ಐಸಿನ ಚೂರಿಟ್ಟು ಬಾಯಿ ಮರಗಟ್ಟಿದ ಮೇಲೆಯೇ ನಾಲ್ಕು ಚಮಚ ಒಳಗಿಳಿಯುತ್ತಿದ್ದುದು. ಪೇಟೆ ಅಂಗಡಿಯ ಐಸು ಎಲ್ಲಿಯ ನೀರಿನದೋ, ಕೊಡಲೇಬೇಡಿ ಎಂದು ನರ್ಸು ಹೇಳಿದ್ದಳು. ಮನೆಯಲ್ಲಿ ಫ್ರಿಜ್ ಇಲ್ಲ. ಪಕ್ಕದ ಕೇಣಿಯಲ್ಲಿರುವ ಕಾಮಿಯ ತಂಗಿ ಹೊನ್ನಿ ತನ್ನ ಫ್ರಿಜ್ಜಿನ ಐಸು ತಂದಿದ್ದಳು. ಅದರ ಮೀನುವಾಸನೆಗೇ ಕಾಮಿ ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡಳು. ಆಗ ಹೊನ್ನಿಯ ಗಂಡ ದೇವಿದಾಸ, ಕಾರವಾರದ ಹೋಟೆಲಿನವರೊಬ್ಬರು ಮೂಲೆಗೆ ಹಾಕಿದ್ದ ಈ ಮಶೀನನ್ನು ಕೇಳಿ ತಂದುಕೊಟ್ಟಿದ್ದ.

ಸೋಮವಾರ ಅದೂ ನಿಂತಿತು. ತೊಟ್ಟಿ ತುಂಬ ನೀರಿದ್ದರೂ ನೀರಿಲ್ಲವೆಂಬ ಕೆಂಪು ದೀಪ. ಸೋಮು ಪ್ಲಗ್ ಕಿತ್ತು ಮತ್ತೆ ಹಾಕಿದ, ಜಾಲರಿ ತೊಳೆದ. ದೀಪ ಆರಲಿಲ್ಲ. ಮರುದಿನ ಕಾರವಾರದ ರಿಪೇರಿಯವ ರೋಷನನಿಗೆ ಫೋನ್ ಮಾಡಿದ.

“ನಾ ಈಗ ಗೋವೆಯಲ್ಲಿದ್ದೆ ಸೋಮಣ್ಣಾ. ಶನಿವಾರ ತಕೊಂಡ್ ಬನ್ನಿ, ನೋಡ್ವಾ.”

“ಶನಿವಾರದ ತನ್ಕ ಅವ್ಳು ಎಂತಾ ನುಂಗ್ಬೇಕೋ ಮಾರಾಯಾ? ನಿನ್ನೆಯಿಂದ ಹನಿ ನೀರು ಇಳೀಲಿಲ್ಲ. ನೀ ಹೇಳು, ನಾನೇ ಬಿಚ್ತೆ.”

ರೋಷನ ಕೇಳಿದ. “ಪಂಪು ಗುಂಯ್ ಅಂತದ್ಯಾ?”

“ಅಂತದೆ. ನೀರೇ ಮೇಲೆ ಬರೂದಿಲ್ಲ.”

“ಹಂಗಾರೆ ಪಂಪು ಸತ್ತಿಲ್ಲ. ಎಂತಾ ನೀರು ಹಾಕ್ತಿದ್ರಿ?”

“ಬಾವಿದು. ಕಾಯ್ಸಿ ಆರ್ಸಿ.”

“ನಿಮ್ ಬಾವಿ ನೀರು ಸವಳು. ಪಂಪಿನೊಳಗೆ ಸುಣ್ಣದ ಕರೆ ಕಟ್ಟಿರ್ತದೆ. ಪ್ಲಗ್ ತೆಗ್ದು, ಹುಳಿ ಹಾಕಿ ಬಿಡ್ಸಿ. ಪೈಪು ಜೋಪಾನ.”

ಅಂದರೆ ತಾನೇ ದಿನಾ ಕೈಯಾರೆ ಹೊಯ್ದು ಹಾಳು ಮಾಡಿದ್ದು. ಸೋಮು ಹಿಂದಿನ ಮುಚ್ಚಳ ಬಿಚ್ಚಿ, ಪಂಪಿನ ಪೈಪನ್ನು ಮೆಲ್ಲಗೆ ಎಳೆದ. ಗಟ್ಟಿಯಾಗಿದ್ದ ಪೈಪು ಲಟಕ್ಕೆಂದು ಎರಡು ತುಂಡಾಯಿತು.

ಅಷ್ಟರಲ್ಲಿ ಒಳಗೆ ಕಾಮಿ ಲೋಟದಿಂದ ಮಂಚ ಕುಟ್ಟಿದಳು. ಮಾತಾಡಲಾಗದೆ ಹಾಗೆ ಕರೆಯುತ್ತಿದ್ದಳು. ಸೋಮು ಹೋದ. ಒಡೆದ ತುಟಿ ತೋರಿಸಿ ಅವಳು ಕಣ್ಣಲ್ಲೇ ಕೇಳಿದಳು.

“ಆಗ್ತಾ ಬಂತು,” ಎಂದ ಸೋಮು. ಹೊರಗೆ ಬಂದು, ಪಂಚೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತ. ಮಶೀನನ್ನು ಎತ್ತಿ ಅಂಗಳಕ್ಕೆ ಬಿಸಾಡಿಬಿಡಬೇಕೆನಿಸಿತು.

ಅಕ್ಕನನ್ನು ನೋಡಿಕೊಳ್ಳಲು ಬಂದಿದ್ದ ಹೊನ್ನಿ ಮುರಿದ ತುಂಡನ್ನು ಎತ್ತಿ ನೋಡಿದಳು. “ಬಾವಾ, ನಿಮ್ಮ ಲೆವೆಲ್ ಪೈಪು ಇಷ್ಟೇ ದಪ್ಪ ಅಲ್ವಾ?”

ಗೋಡೆಯ ಮಟ್ಟ ನೋಡಲು ನೀರು ತುಂಬುವ ಪಾರದರ್ಶಕ ಪೈಪದು. ಚೀಲದಲ್ಲಿ ಹೊಸದೊಂದು ಸುರುಳಿ ಇತ್ತು. ಗೇಣುದ್ದ ಕತ್ತರಿಸಿ ಕುದಿನೀರಲ್ಲಿ ಅದ್ದಿದರು. ಹಿತ್ತಲ ಹುಳಿ ಬಿಂಬಲಿಕಾಯಿ ಜಜ್ಜಿ ರಸ ಸೋಸಿ, ಪಂಪಿನೊಳಗೆ ಅರ್ಧ ತಾಸು ನಿಲ್ಲಿಸಿದರು. ಸುಣ್ಣದಂಥ ಹೊಪ್ಪಳೆ ಕಳಚಿ ಬಂತು. ತೊಳೆದು, ಜೋಡಿಸಿ, ದೇವಿದಾಸ ಪೇಟೆಯಿಂದ ತಂದ ಕ್ಯಾನಿನ ನೀರು ತುಂಬಿ ಸ್ವಿಚ್ ಒತ್ತಿದರೆ ಮತ್ತೆ ಕೆಂಪು ದೀಪ.

ಹೊನ್ನಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೋಮು ಮಾತ್ರ ಪೈಪನ್ನೇ ನೋಡುತ್ತ ಬಗ್ಗಿದ. ನಡುವೆ ಗಾಳಿಗುಳ್ಳೆಯೊಂದು ಕಚ್ಚಿ ಕೂತಿತ್ತು. ಪೈಪಿನಲ್ಲಿ ಗುಳ್ಳೆ ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಅದನ್ನು ಓಡಿಸುವುದು ಅವನಿಗೆ ಹೊಸತಲ್ಲ. ಬೆರಳಿಂದ ಹಿಸುಕಿ, ಟಕ್ ಟಕ್ ಎಂದು ಚಿಮ್ಮಿದ. ಗುಳ್ಳೆ ಮೇಲೇರಿ ಒಡೆಯಿತು. ನೀರು ತಟ್ಟೆಗೆ ಸುರಿಯಿತು.

ಮೊದಲ ಎರಡು ಸಲದ ಐಸನ್ನು ಹುಳಿ ಇದ್ದೀತೆಂದು ಚೆಲ್ಲಿದರು. ಮೂರನೆಯದನ್ನು ಸೋಮು ತಾನೇ ನೆಕ್ಕಿ ನೋಡಿ, ಬೇರೆ ಹರಳನ್ನು ಚೂರು ಮಾಡಿ ಕಾಮಿಯ ನಾಲಿಗೆಯ ಮೇಲಿಟ್ಟ. ಅವಳು ಕಣ್ಣು ಮುಚ್ಚಿದಳು. ಕರಗಿದ ಮೇಲೆ ಮತ್ತೆ ಬಾಯಿ ತೆರೆದಳು. ಆ ಸಂಜೆ ಮೂರು ಚಮಚ ಗಂಜಿ ಹೋಯಿತು, ನಾಲ್ಕನೆಯದಕ್ಕೆ ಬೇಡವೆಂದು ತಲೆಯಾಡಿಸಿದಳು. ಸೋಮು ಒತ್ತಾಯಿಸಲಿಲ್ಲ.

ಹುಣ್ಣು ಮಾಯಲು ಮತ್ತೆ ಹನ್ನೊಂದು ದಿನ ಹಿಡಿಯಿತು. ಇನ್ನೂ ಮೂರು ಇಂಜೆಕ್ಷನ್ ಬಾಕಿ ಇದ್ದವು.