ಅಪ್ಪ ಬದುಕಿದ್ದ ‘ಆ್ಯನ್ ಅವರ್’

ಇಂದು ಮರಿಮಗಳು ಇಂಗ್ಲಿಷ್ ಪಾಠ ಓದುತ್ತಾ ಕೇಳಿದಳು: “ಮುತ್ತಜ್ಜಿ, ತಾಸಿಗೆ ಅನ್ನೂ ‘ಅವರ್’ ಎಚ್‌ನಿಂದ ಚಾಲೂ ಆಗತೈತಿ. ಮತ್ತ ಅದಕ್ಕ ‘ಎ’ ಬಿಟ್ಟು ‘ಆ್ಯನ್’ ಯಾಕ?”

ನಾನು ಹುಡುಗಿಯಾಗಿದ್ದಾಗ ಗೋಕಾಕದ ಸಾಲೆಯಲ್ಲಿ ಮಾಸ್ತರರು ನನಗೂ ಇದನ್ನೇ ಕಲಿಸಿದ್ದರು. “ಅಕ್ಷರ ನೋಡಬ್ಯಾಡವಾ, ಉಚ್ಚಾರ ಕೇಳು. ಅಲ್ಲಿ ಎಚ್ ಬಾಯಾಗ ಬರೂದಿಲ್ಲ.”

ಅದೇ ವಾರ, ಅಪ್ಪ ಶಸ್ತ್ರಕ್ರಿಯೆಗೆಂದು ಸೇರಿದ್ದ ದೂರದ ದವಾಖಾನೆಯಿಂದ ಇಂಗ್ಲಿಷ್ ಕಾಗದ ಬಂತು. ಮನೆಯಲ್ಲಿ ಓದಬಲ್ಲವಳು ನಾನೊಬ್ಬಳೇ. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಎದುರು ಕುಳಿತಳು. ಶಸ್ತ್ರಕ್ರಿಯೆಯ ನಂತರ ಅಪ್ಪ ‘ಆ್ಯನ್ ಅವರ್’ ಬದುಕಿದ್ದರು ಎಂದು ಬರೆದಿತ್ತು. ನನಗೆ ಅಳು ಬರಲಿಲ್ಲ. ಮಾಸ್ತರರು ಹೇಳಿದ್ದು ಖರೆ, ಇಲ್ಲಿಯೂ ‘ಆ್ಯನ್’ ಇದೆ ಎಂದಷ್ಟೇ ಅನ್ನಿಸಿತು.

“ಒಂದ ತಾಸು ಇದ್ದರಂತವ್ವಾ,” ಎಂದೆ. “ಆಮ್ಯಾಲ ಹೋದರಂತ.”

ಅವ್ವ ಬೆರಳಿಗೆ ಅಂಟಿದ ಹಿಟ್ಟನ್ನು ಬಹಳ ಹೊತ್ತು ತಿಕ್ಕಿದಳು. “ಆ ತಾಸಿನಾಗ ನಮ್ಮನ್ನ ಕೇಳಿದರಂತೇನವಾ?”

ಕಾಗದವನ್ನು ಮತ್ತೆ ಮೊದಲಿನಿಂದ ಓದಿದೆ.

“ಹೌದವ್ವಾ. ನಿನ್ನ ಹೆಸರ ಹಿಡದು ಕೇಳಿದರಂತ.”

ಸಾಯುವವರೆಗೂ ಅವ್ವ ಆ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದಳು.

ಮರಿಮಗಳಿಗೆ ನಿಯಮವನ್ನಷ್ಟೇ ಹೇಳಿಕೊಟ್ಟೆ. ತೊಂಬತ್ತು ದಾಟಿದ ನಾನು ಉಳಿದದ್ದನ್ನು ಹೇಳುತ್ತಿರುವುದು ಇದೇ ಮೊದಲು. ಕಾಗದದಲ್ಲಿ ಹಾಗೇನೂ ಬರೆದಿರಲಿಲ್ಲ.